ತಿಳಿಯಾದ ತೋಡಿನ ನೀರೂ ಟಿಡಿಎಸ್ ಮೀಟರೂ

ತೋಡಿನ (ಸಣ್ಣ ಹಳ್ಳದ) ನೀರು ತಿಳಿಯಾಗಿದ್ದು ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಕಡಿಮೆ ಇದ್ದರೆ ಕುಡಿಯಬಹುದು ಎಂಬ ಫಾರ್ವರ್ಡ್ ಮಂಗಳೂರು, ಉಡುಪಿಯ ಗ್ರೂಪುಗಳಲ್ಲಿ ಸುತ್ತುತ್ತಲೇ ಇದೆ. ಕಳಿಸುವವರ ಕಾಳಜಿ ಒಳ್ಳೆಯದೇ, ಮಾತು ಮಾತ್ರ ತಪ್ಪು. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ; ಲವಣದ ಲೆಕ್ಕ ಅದರಿಂದ ಮಾಡಿದ ಅಂದಾಜು. ಬ್ಯಾಕ್ಟೀರಿಯಾ ಅದಕ್ಕೆ ಗೊತ್ತಾಗುವುದಿಲ್ಲ.

ಕಣ್ಣನ್ನೂ ನಂಬುವಂತಿಲ್ಲ. ಕಲ್ಲಿದ್ದಲು ಗಣಿಗಳ ಬಳಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಗಲಿ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಜಾಸ್ತಿಯಾದರೆ ಕಬ್ಬಿಣ ಕರಗಿಯೇ ಉಳಿದು ನೀರು ತಿಳಿಯಾಗಿ ಕಾಣಬಹುದು. ನಮ್ಮಲ್ಲಿ ಅಂಥ ಗಣಿ ಇಲ್ಲ, ನಿಜ. ಆದರೆ ಮುರಕಲ್ಲಿನ (ಲ್ಯಾಟರೈಟ್) ಬಾವಿಗಳಲ್ಲೂ ಟಿಡಿಎಸ್ ಕಡಿಮೆಯಿದ್ದು ನೀರು ಆಮ್ಲೀಯವಾಗಿರುವುದುಂಟು.

ನೀರು ಎಷ್ಟು ಆಮ್ಲೀಯ ಎಂದು ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5 ಇರಬೇಕು. ಉಳಿದದ್ದಕ್ಕೆ ಲ್ಯಾಬ್ ವರದಿಯೇ ಬೇಕು. ತೋಡಿನದ್ದಾದರೆ ಹರಿವಿನ ಮೇಲ್ಭಾಗದ್ದೊಂದು, ಕೆಳಭಾಗದ್ದೊಂದು ಸ್ಯಾಂಪಲ್ ಕೊಡಿ. ಇಲ್ಲದಿದ್ದರೆ ಕೊಳೆ ಎಲ್ಲಿ ಸೇರಿತೆಂದು ತಿಳಿಯುವುದಿಲ್ಲ, ಅಲ್ವಾ?