ಜಾಸ್ತಿ ಹೊಳೆಯುವ ಕಲ್ಲು

ಗೆಳತಿ ಎರಡು ಉಂಗುರ ಮುಂದಿಟ್ಟು, "ಇದರಲ್ಲಿ ವಜ್ರ ಯಾವುದು ಹೇಳು ನೋಡೋಣ" ಎಂದಳು. ಒಂದು ಅವಳ ಅಮ್ಮನದು, ಇನ್ನೊಂದು ಅವಳೇ ಕೊಂಡದ್ದು. ಬೆಳ್ಳಗಿರುವುದೆಲ್ಲ ಹಾಲು ಅಂದುಕೊಳ್ಳುವ ಜಾತಿ ನನ್ನದು. ಹಿಂದೆಮುಂದೆ ನೋಡದೆ ಜಾಸ್ತಿ ಹೊಳೆಯುತ್ತಿದ್ದುದಕ್ಕೆ ಬೆರಳು ತೋರಿಸಿದೆ. ಅವಳು ನಕ್ಕಳು. ಅದು ಮೊಯ್ಸನೈಟ್, ವಜ್ರದ ಹಾಗೆ ಕಾಣುವ ಬೇರೆ ಕಲ್ಲು.

ಆಮೇಲೆ ಓದಿ ನೋಡಿದರೆ, ಈ ಕಲ್ಲು ಮೊದಲು ಯಾಮಾರಿಸಿದ್ದು ತನ್ನನ್ನು ಕಂಡುಹಿಡಿದವರನ್ನೇ! 1893ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಹೆನ್ರಿ ಮೊಯ್ಸಾನ್, ಅಮೆರಿಕದ ಅರಿಜೋನಾದಲ್ಲಿ ಬಿದ್ದ ಉಲ್ಕೆಯ ಚೂರಿನಲ್ಲಿ ಪುಟ್ಟ ಹರಳುಗಳನ್ನು ಕಂಡು ವಜ್ರ ಅಂದುಕೊಂಡರು. ಅದು ಸಿಲಿಕಾನ್ ಕಾರ್ಬೈಡ್, ಅಂದರೆ ಸಿಲಿಕಾನ್ ಮತ್ತು ಇಂಗಾಲ ಸೇರಿದ ವಸ್ತು ಎಂದು ಅವರು ಗುರುತಿಸಿದ್ದು 1904ರಲ್ಲಿ. ಮುಂದೆ 1906ರಲ್ಲಿ ನೊಬೆಲ್ ಪಡೆದವರೇ ಎಡವಿದ ಮೇಲೆ ನನ್ನದೇನು ಮಹಾ? ನೆಲದಲ್ಲಿ ಇದು ಸಿಗುವುದು ತೀರಾ ಅಪರೂಪ, ಅದೂ ಕಣದಷ್ಟು. ಒಡವೆಗೆ ಬರುವುದೆಲ್ಲ ಲ್ಯಾಬಿನಲ್ಲಿ ಬೆಳೆದದ್ದು. ಕಬ್ಬಿಣ ಉಜ್ಜುವ ಕಪ್ಪು ಉಪ್ಪುಕಾಗದದ ಮೇಲಿನ ಪುಡಿಯೂ ಎಷ್ಟೋ ಸಲ ಇದೇ ವಸ್ತು. ಈ ಮಾತನ್ನು ಗೆಳತಿಗೆ ಹೇಳಲಿಲ್ಲ.

ಕಲ್ಲುಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಇದಕ್ಕೆ 9.25. ದಿನಬಳಕೆಗೆ ಧಾರಾಳ ಸಾಕು. ಶಾಖ ಹರಿಯುವುದನ್ನು ನೋಡುವ ಹಳೆಯ ವಜ್ರಪರೀಕ್ಷೆ ಯಂತ್ರವೂ ಇದನ್ನು ವಜ್ರವೆಂದೇ ಹೇಳುತ್ತದೆ. ಗುಟ್ಟು ಇರುವುದು ಹೊಳಪಿನಲ್ಲಿ. ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವ ಗುಣ ವಜ್ರದಲ್ಲಿ 0.044, ಇದರಲ್ಲಿ 0.104. ಎರಡು ಪಟ್ಟಿಗೂ ಜಾಸ್ತಿ. ವಜ್ರ ಫಳಕ್ಕನೆ ಬಿಳಿಯಾಗಿ ಮಿಂಚಿ ಸುಮ್ಮನಾಗುತ್ತದೆ. ಇದು ಹಾಗಲ್ಲ, ಬೆರಳು ಅಲ್ಲಾಡಿದರೆ ಸಾಕು, ಕೆಂಪು, ಹಸಿರು, ನೀಲಿ ಎಲ್ಲ ಚೆಲ್ಲುತ್ತದೆ. ನಕಲು ಎಂದರೆ ಅಸಲಿಗಿಂತ ಮಂಕಾಗಿರಬೇಕು ಅಂತಿದ್ದೆ. ಇಲ್ಲಿ ಹೊಳಪು ಜಾಸ್ತಿಯಾಗಿಯೇ ಸಿಕ್ಕಿಬೀಳುತ್ತದೆ.

ಗೆಳತಿ ಭೂತಗನ್ನಡಿ ಕೊಟ್ಟಳು. ಮೊಯ್ಸನೈಟನ್ನು ನೇರ ಮೇಲಿನಿಂದ ನೋಡಿದೆ, ಏನೂ ಕಾಣಲಿಲ್ಲ. "ಸ್ವಲ್ಪ ಓರೆ ಮಾಡು" ಎಂದಳು. ಓರೆ ಮಾಡಿದೆ. ಕಲ್ಲಿನ ತಳದ ಅಂಚುಗಳೆಲ್ಲ ಎರಡೆರಡಾದವು, ಕನ್ನಡಕ ಮರೆತ ದಿನ ಅಕ್ಷರ ಕಾಣುವ ಹಾಗೆ. ಒಳಹೊಕ್ಕ ಬೆಳಕು ಅಲ್ಲಿ ಎರಡಾಗಿ ಸೀಳುತ್ತದಂತೆ. ಅಮ್ಮನ ವಜ್ರದಲ್ಲಿ ಒಂದೊಂದು ಅಂಚೂ ಒಂದೇ ಗೆರೆ, ಗೀಚಿದಷ್ಟು ಸ್ಪಷ್ಟ.

ಅವಳು ಎರಡನ್ನೂ ಮತ್ತೆ ಮೇಜಿನ ಮೇಲಿಟ್ಟಳು. "ಈಗ ಹೇಳು, ಯಾವುದು ಚೆಂದ?"

ನಾನು ಮೊದಲು ತೋರಿಸಿದ್ದನ್ನೇ ತೋರಿಸಿದೆ.