ಒಂದೇ ಒಂದು ಪದ, 170 ಹಕ್ಕಿ

2019ರಲ್ಲಿ ಪ್ರಶಸ್ತಿ ಗೆದ್ದ ಬೋರ್ಡ್ ಗೇಮ್‌ಗಳ ಬಗ್ಗೆ ಈಗ ಯಾಕೆ ಬರೆಯಬೇಕು ಅಂತ ನೀವು ಕೇಳಬಹುದು. ಆ ವರ್ಷ ಗೆದ್ದ ಎರಡು ಡಬ್ಬಿಗಳು, ಜಸ್ಟ್ ಒನ್ ಮತ್ತು ವಿಂಗ್‌ಸ್ಪ್ಯಾನ್, ನಮ್ಮ ಕಪಾಟಿನಲ್ಲಿ ಇವತ್ತಿಗೂ ಕೈಗೆ ಸಿಗೋ ಸಾಲಿನಲ್ಲೇ ಇವೆ. ಎಷ್ಟೋ ಆಟಗಳು ಬಂದವು, ಒಂದೆರಡು ಸಲ ಆಡಿಸಿಕೊಂಡು ಮೇಲಿನ ಅಟ್ಟಕ್ಕೆ ಹೋದವು. ಇವೆರಡು ಮಾತ್ರ ಹೋಗಲಿಲ್ಲ. ಆದರೂ "ಜಸ್ಟ್ ಒನ್‌ಗೆ ಪ್ರಶಸ್ತಿ ಕೊಟ್ಟಿದ್ದು ಜಾಸ್ತಿಯಾಯ್ತು, ಅದು ಸುಮ್ನೆ ಟೈಮ್‌ಪಾಸ್ ಆಟ" ಅನ್ನುವವರು ಈಗಲೂ ಸಿಗುತ್ತಾರೆ. ಈ ಮಾತು ನನಗೆ ಒಪ್ಪಿಗೆ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ಹೇಳುತ್ತಿರುವುದು ಜರ್ಮನಿಯ ಷ್ಪೀಲ್ ಡೆಸ್ ಯಾರೆಸ್, ಅಂದರೆ 'ವರ್ಷದ ಆಟ' ಪ್ರಶಸ್ತಿ. 1979ರಿಂದ ಕೊಡುತ್ತಿದ್ದಾರೆ. ಆರಿಸುವವರು ಆಟಗಳ ವಿಮರ್ಶಕರು. ಡಬ್ಬಿಯ ಮೇಲೆ ಕೆಂಪು ಕಾಯಿಯ ಗುರುತು ಕಂಡರೆ ಅದು ಈ ಪ್ರಶಸ್ತಿ ಗೆದ್ದಿದೆ ಅಂತ ಅರ್ಥ. 1995ರಲ್ಲಿ ಕಟಾನ್, 2004ರಲ್ಲಿ ಟಿಕೆಟ್ ಟು ರೈಡ್ ಗೆದ್ದಿದ್ದು ಇದನ್ನೇ. ಆಟದಲ್ಲಿ ಸ್ವಲ್ಪ ಪಳಗಿದವರಿಗೆ ಅಂತ 2011ರಿಂದ ಕೆನ್ನರ್‌ಷ್ಪೀಲ್ ಅನ್ನೋ ಇನ್ನೊಂದು ಪ್ರಶಸ್ತಿ ಇದೆ. ಮಕ್ಕಳ ಆಟಕ್ಕೂ ಒಂದು ಇದೆ. 2019ರಲ್ಲಿ ಅದು ಚೆಂಡಿನಿಂದ ಪೀಪಾಯಿ ಬೀಳಿಸುವ ವೈಕಿಂಗ್‌ಗಳ ಆಟಕ್ಕೆ ಹೋಯಿತು.

ಈಗ ಜಸ್ಟ್ ಒನ್‌ಗೆ ಬರೋಣ. ಲ್ಯುಡೊವಿಕ್ ರೂಡಿ, ಬ್ರೂನೊ ಸೌಟರ್ ಅನ್ನುವ ಇಬ್ಬರು ಮಾಡಿದ ಆಟ. ಮೂವರಿಂದ ಏಳು ಜನ ಆಡಬಹುದು. ಎಲ್ಲರೂ ಒಂದೇ ತಂಡ. ಒಬ್ಬರು ಒಂದು ಕಾರ್ಡನ್ನು ತಾವು ನೋಡದೆ ಉಳಿದವರಿಗೆ ಕಾಣೋ ಹಾಗೆ ನಿಲ್ಲಿಸುತ್ತಾರೆ. ಅದರಲ್ಲಿ ಐದು ಪದ ಇರುತ್ತದೆ. ಒಂದರಿಂದ ಐದರೊಳಗೆ ಒಂದು ಅಂಕೆ ಹೇಳಬೇಕು, ಅಷ್ಟೇ. ಆ ಅಂಕೆಯ ಪದವನ್ನು ಅವರು ಕಂಡುಹಿಡಿಯಬೇಕು. ಉಳಿದವರು ಅದಕ್ಕೆ ಒಂದೊಂದು ಸುಳಿವು ಬರೆಯುತ್ತಾರೆ. ಒಂದೇ ಪದದ ಸುಳಿವು. ಒಬ್ಬರಿಗೊಬ್ಬರು ಕೇಳೋ ಹಾಗಿಲ್ಲ, ತೋರಿಸೋ ಹಾಗಿಲ್ಲ. ಆಮೇಲೆ ಕಂಡುಹಿಡಿಯುವವರು ಕಣ್ಣು ಮುಚ್ಚಿಕೊಂಡಾಗ ಎಲ್ಲರೂ ತಮ್ಮ ಸುಳಿವನ್ನು ಹೋಲಿಸಿ ನೋಡಬೇಕು. ಇಬ್ಬರು ಒಂದೇ ಪದ ಬರೆದಿದ್ದರೆ ಎರಡನ್ನೂ ಅಳಿಸಿಬಿಡಬೇಕು!

ಇಡೀ ಆಟದ ಜೀವ ಇರುವುದು ಈ ಅಳಿಸುವುದರಲ್ಲಿ. ಒಂದು ಸಲ ನಮ್ಮ ಮನೆಯಲ್ಲಿ ಬಂದ ಪದ 'ಚಂದ್ರ'. ಕಂಡುಹಿಡಿಯಬೇಕಾದವಳು ಅಕ್ಕ. ಅಮ್ಮ 'ಹುಣ್ಣಿಮೆ' ಅಂತ ಬರೆದರು. ನಾನೂ 'ಹುಣ್ಣಿಮೆ'. ಎರಡೂ ಹೋಯಿತು. ಅಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಮಾತಾಡೋ ಹಾಗಿಲ್ಲವಲ್ಲ! ಉಳಿದಿದ್ದು ಭಾವ ಬರೆದ 'ಅಲೆ', ಮತ್ತೆ ಹನ್ನೊಂದು ವರ್ಷದ ಅಕ್ಕನ ಮಗಳು ಬರೆದ 'ಆರ್ಮ್‌ಸ್ಟ್ರಾಂಗ್'. ಅಕ್ಕ 'ಅಲೆ' ನೋಡಿ ಸಮುದ್ರ ಅನ್ನೋಕೆ ಬಾಯಿ ತೆರೆದಳು. ಆಮೇಲೆ ಮಗಳ ಅಕ್ಷರ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು "ಚಂದ್ರ" ಅಂದಳು. ಆ ಹುಡುಗಿ ಕುರ್ಚಿಯಿಂದ ಎದ್ದು ಕುಣಿದಿದ್ದನ್ನು ನೀವು ನೋಡಬೇಕಿತ್ತು.

ನಾವೆಲ್ಲ ಸುಲಭದ ಪದ ಬಿಟ್ಟು ಪಕ್ಕದವರು ಏನು ಬರೆಯಬಹುದು ಅಂತ ಯೋಚಿಸುತ್ತೇವೆ. ಎಲ್ಲರೂ ಹಾಗೆ ಯೋಚಿಸಿದರೆ ಸುಲಭದ ಪದವನ್ನು ಯಾರೂ ಬರೆದೇ ಇರುವುದಿಲ್ಲ. ಹಾಗಾದರೆ ನಾನೇ ಬರೆದುಬಿಡಲಾ? ಇಷ್ಟು ಚಿಕ್ಕ ನಿಯಮದಿಂದ ಇಷ್ಟು ತಲೆ ಓಡಿಸುವ ಆಟ ತುಂಬಾ ಅಪರೂಪ. ಟೈಮ್‌ಪಾಸ್ ಅನ್ನುವವರು ಇದನ್ನು ಗಮನಿಸಿಲ್ಲ ಅಂತ ನನಗೆ ಅನಿಸುತ್ತದೆ.

ಆ ವರ್ಷದ ಕೊನೆಯ ಸುತ್ತಿಗೆ ಬಂದ ಇನ್ನೆರಡು ಆಟಗಳನ್ನೂ ನೋಡಿ. ವೇರ್‌ವರ್ಡ್ಸ್ ಕೂಡ ಪದ ಕಂಡುಹಿಡಿಯುವ ಆಟವೇ. ಆದರೆ ಅದರಲ್ಲಿ ಒಬ್ಬರು ಗುಟ್ಟಾಗಿ ತೋಳ ಆಗಿರುತ್ತಾರೆ, ಪದ ಗೊತ್ತಿದ್ದೂ ಬೇಕಂತಲೇ ದಾರಿ ತಪ್ಪಿಸುತ್ತಾರೆ. ಆಟ ಚೆನ್ನಾಗಿದೆ. ಆದರೆ ಸುಳ್ಳು ಹೇಳೋಕೆ ಮುಜುಗರ ಪಡುವವರು ಅಲ್ಲಿ ಮುದುಡಿ ಕೂರುತ್ತಾರೆ. ನಮ್ಮ ಅಮ್ಮ ಹಾಗೇ. ರೈನರ್ ಕ್ನಿಟ್ಸಿಯಾ ಅವರ ಲಾಮಾ ಸರಳವಾದ ಕಾರ್ಡಾಟ, ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು. ಮುಗಿದ ಮೇಲೆ ನೆನಪಿಟ್ಟುಕೊಳ್ಳೋಕೆ ಏನೂ ಉಳಿಯುವುದಿಲ್ಲ, ನನ್ನ ಮಟ್ಟಿಗೆ.

ಕೆನ್ನರ್‌ಷ್ಪೀಲ್ ಗೆದ್ದಿದ್ದು ವಿಂಗ್‌ಸ್ಪ್ಯಾನ್, ಹಕ್ಕಿ ಕಾರ್ಡುಗಳನ್ನು ನಮ್ಮ ಮುಂದೆ ಸಾಲಾಗಿ ಇಡುತ್ತಾ ಹೋಗುವ ಆಟ. ಅದನ್ನು ಮಾಡಿದ ಎಲಿಜಬೆತ್ ಹಾರ್ಗ್ರೇವ್ ಅವರಿಗೆ ಹಕ್ಕಿ ಅಂದರೆ ಪ್ರಾಣ, ಅದು ಪ್ರತಿ ಕಾರ್ಡಿನಲ್ಲೂ ಕಾಣುತ್ತದೆ. ಡಬ್ಬಿಯಲ್ಲಿ 170 ಹಕ್ಕಿ, ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿ ಹಕ್ಕಿಯ ರೆಕ್ಕೆಯ ಅಗಲ ಸೆಂಟಿಮೀಟರ್‌ನಲ್ಲಿ ಬರೆದಿದೆ. ಅದು ಅಲಂಕಾರಕ್ಕೆ ಅಲ್ಲ. ಕೆಲವು ಬೇಟೆ ಹಕ್ಕಿಗಳ ಸರದಿ ಬಂದಾಗ ಕಟ್ಟಿನ ಮೇಲಿನ ಕಾರ್ಡ್ ತೆಗೆದು ನೋಡಬೇಕು. ರೆಕ್ಕೆ ಚಿಕ್ಕದಿದ್ದರೆ ಬೇಟೆ ಸಿಕ್ಕಿತು, ಆ ಕಾರ್ಡನ್ನು ಬೇಟೆ ಹಕ್ಕಿಯ ಕೆಳಗೆ ಸಿಕ್ಕಿಸಬೇಕು. ದೊಡ್ಡದಿದ್ದರೆ ಕೈ ತಪ್ಪಿತು. ಕೌಬರ್ಡ್ ಅಂತ ಒಂದಿದೆ. ಕೋಗಿಲೆ ಹಾಗೆ ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಆಟದಲ್ಲೂ ಹಾಗೇ, ಎದುರಿನವರು ಮೊಟ್ಟೆ ಇಟ್ಟಾಗ ಇದು ಬಂದು ನಮ್ಮ ಇನ್ನೊಂದು ಹಕ್ಕಿಯ ಗೂಡಿನಲ್ಲಿ ಇಟ್ಟು ಹೋಗುತ್ತದೆ. ಹಕ್ಕಿ ನಿಜವಾಗಿ ಮಾಡುವ ಕೆಲಸವೇ ಆಟದ ನಿಯಮ ಆಗಿದೆ, ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಮೊದಲ ಸುತ್ತಿನಲ್ಲಿ ಎಂಟು ಸರದಿ. ಆಮೇಲೆ ಏಳು, ಆರು, ಕೊನೆಗೆ ಐದು. ಸರದಿ ಕಡಿಮೆ ಆಗುತ್ತಾ ಹೋಗುತ್ತದೆ, ಆದರೆ ಸಾಲಿನಲ್ಲಿ ಹಕ್ಕಿಗಳು ತುಂಬಿರುವುದರಿಂದ ಒಂದೊಂದು ಸರದಿಗೂ ಸಿಗುವುದು ಜಾಸ್ತಿ ಆಗುತ್ತದೆ.

ಕುಂದು ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಕೊನೆಯ ಸುತ್ತಿನಲ್ಲಿ ಎಲ್ಲರೂ ಮೊಟ್ಟೆ ಇಡುವುದರಲ್ಲೇ ಮುಳುಗಿರುತ್ತಾರೆ, ಯಾಕಂದರೆ ಪ್ರತಿ ಮೊಟ್ಟೆಗೂ ಒಂದು ಪಾಯಿಂಟ್. ಹೊಸ ಹಕ್ಕಿ ತರುವ ಖುಷಿ ಆಗ ಇರುವುದಿಲ್ಲ. ಶುರುವಿನಲ್ಲಿ ಕೈಗೆ ಬಂದ ಕಾರ್ಡ್ ಚೆನ್ನಾಗಿಲ್ಲದಿದ್ದರೆ ಅರ್ಧ ಆಟ ಏದುಸಿರು ಬಿಡಬೇಕು. ಮೊದಲ ಸಲ ಕಲಿಸುವುದಕ್ಕೂ ತಾಳ್ಮೆ ಬೇಕು.

ಮನೆಯಲ್ಲಿ ಇಬ್ಬರೇ ಇದ್ದರೆ ವಿಂಗ್‌ಸ್ಪ್ಯಾನ್ ತಗೊಳ್ಳಿ, ಒಬ್ಬರೇ ಆದರೂ ಆಡಬಹುದು. ಜನ ಬಂದು ಹೋಗುವ ಮನೆಯಾದರೆ ಕಣ್ಣು ಮುಚ್ಚಿಕೊಂಡು ಜಸ್ಟ್ ಒನ್. ಒಂದಾಟಕ್ಕೆ 13 ಕಾರ್ಡ್. ತಪ್ಪು ಹೇಳಿದರೆ ಆ ಕಾರ್ಡಿನ ಜೊತೆ ಮುಂದಿನದೂ ಹೋಗುತ್ತದೆ. ಹದಿಮೂರಕ್ಕೆ ಹದಿಮೂರು ನಮಗೆ ಇನ್ನೂ ಆಗಿಲ್ಲ. ಹೋದ ವಾರ ಹನ್ನೊಂದು ಬಂತು. ಅಮ್ಮನೂ ನಾನೂ ಮತ್ತೆ ಒಂದೇ ಪದ ಬರೆದಿದ್ದೆವು.