ಅಪ್ಪ-ಅಮ್ಮ ಮನೆಯಲ್ಲೇ ಇರಲಿ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಗೆಳೆಯರು ಕೇಳುವ ಪ್ರಶ್ನೆ ಒಂದೇ. "ಅಕ್ಕನ ಇಬ್ಬರು ಮಕ್ಕಳು, ಅಣ್ಣನ ಮಗಳು, ಎಲ್ಲರನ್ನೂ ಒಬ್ಬನೇ ಕಟ್ಟಿಕೊಂಡು ಟ್ರಿಪ್ ಹೋಗ್ತೀಯಲ್ಲ, ತಲೆ ಕೆಡಲ್ವಾ ಮಾರಾಯ?" ಕೆಡುತ್ತೆ. ಅವರ ಅಪ್ಪ-ಅಮ್ಮಂದಿರೂ ಜೊತೆಗಿದ್ದರೆ ಇನ್ನೂ ಜಾಸ್ತಿ ಕೆಡುತ್ತೆ. ಇದನ್ನು ಓದಿ ನಮ್ಮ ಮನೆಯಲ್ಲಿ ಕನಿಷ್ಠ ಇಬ್ಬರು ಮುಖ ಊದಿಸಿಕೊಳ್ಳುತ್ತಾರೆ ಅಂತ ಗೊತ್ತು. ಊದಿಸಿಕೊಳ್ಳಲಿ.

ನನ್ನ ವಾದ ಇಷ್ಟೇ. ಸಣ್ಣ ಮಕ್ಕಳ ರಜಾ ಪ್ರವಾಸಕ್ಕೆ ಅಪ್ಪ-ಅಮ್ಮ ಬೇಡ. ಒಬ್ಬ ಮಾಮನೋ, ಅತ್ತೆಯೋ, ಚಿಕ್ಕಮ್ಮನೋ ಸಾಕು. ಜೊತೆಗೆ ಅತ್ತೆ-ಮಾವಂದಿರ ಮಕ್ಕಳು, ದೊಡ್ಡಮ್ಮ-ಚಿಕ್ಕಮ್ಮಂದಿರ ಮಕ್ಕಳು ಅಂತ ಒಂದು ಸಣ್ಣ ಗುಂಪು ಇರಬೇಕು. ಮತ್ತೆ ಊರು ಒಂದೇ ಇರಬೇಕು.

ನಾವು ಸಣ್ಣವರಿದ್ದಾಗ ಈ ಕೆಲಸವನ್ನೆಲ್ಲ ಅಜ್ಜಿಮನೆ ಮಾಡುತ್ತಿತ್ತು. ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಅಪ್ಪ ನಮ್ಮನ್ನು ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಒಂದು ಮಾತು ಹೇಳಿ ಇಳಿದು ಹೋಗುತ್ತಿದ್ದರು. ಅಲ್ಲಿಂದ ಮುಂದೆ ನಮ್ಮನ್ನು ಕೇಳುವವರಿಲ್ಲ. ಒಬ್ಬಳು ಅಜ್ಜಿ, ಹತ್ತು ಹನ್ನೆರಡು ಮೊಮ್ಮಕ್ಕಳು. ಮಧ್ಯಾಹ್ನ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸಿ ಕಾಗೆ ಕಾಯಲು ನಮ್ಮನ್ನು ಕೂರಿಸುತ್ತಿದ್ದರು. ಕಾಗೆಗಿಂತ ನಾವೇ ಜಾಸ್ತಿ ತಿನ್ನುತ್ತಿದ್ದೆವು, ಅದು ಅಜ್ಜಿಗೂ ಗೊತ್ತಿತ್ತು. ರಜೆ ಮುಗಿಸಿ ಬಂದಾಗ "ಏನು ಕಲಿತೆ?" ಅಂತ ಯಾರೂ ಕೇಳಿದ ನೆನಪಿಲ್ಲ. ಹೇನು ಬಂದಿದೆಯಾ ಅಂತ ಮಾತ್ರ ನೋಡುತ್ತಿದ್ದರು.

ಈಗ ಆ ಮನೆ ಇಲ್ಲ. ಅಜ್ಜಿ ಹೋದರು, ಜಮೀನು ಪಾಲಾಯಿತು. ನನ್ನ ಅಮ್ಮ, ಅಂದರೆ ಈ ಮಕ್ಕಳ ಅಜ್ಜಿ, ಬೆಂಗಳೂರಿನಲ್ಲಿ ಅಣ್ಣನ ಫ್ಲ್ಯಾಟಿನಲ್ಲಿದ್ದಾಳೆ. ಅಲ್ಲಿ ಮಕ್ಕಳು ಜೋರಾಗಿ ಕೂಗಿದರೆ ಕೆಳಗಿನ ಮನೆಯವರು ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಹಾಕುತ್ತಾರೆ. ಹಾಗಾಗಿ ಈ ಮೂವರು ಒಬ್ಬರನ್ನೊಬ್ಬರು ನೋಡುವುದು ಯಾರದೋ ಗೃಹಪ್ರವೇಶದಲ್ಲಿ. ಅದೂ ಊಟದ ಹೊತ್ತಿಗೆ, ಕೈಯಲ್ಲಿ ಅಮ್ಮನ ಮೊಬೈಲ್ ಹಿಡಿದುಕೊಂಡು.

ರಜೆ ಕೂಡ ಒಟ್ಟಿಗೆ ಸಿಗುವುದಿಲ್ಲ. ಅಕ್ಕನ ಮಕ್ಕಳದು ರಾಜ್ಯ ಪಠ್ಯಕ್ರಮದ ಶಾಲೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬಿಡುವು. ಅಣ್ಣನ ಮಗಳ ಶಾಲೆಯದು ಬೇರೆಯೇ ಲೆಕ್ಕ. ಪರೀಕ್ಷೆ ಮುಗಿದ ಕೂಡಲೇ ಮುಂದಿನ ತರಗತಿ ಶುರು, ಆಮೇಲೆ ರಜೆ. ಎರಡೂ ಕೂಡಿ ಬರುವ ದಿನಗಳಲ್ಲಿ ಸಮ್ಮರ್ ಕ್ಯಾಂಪು, ಈಜು, ಅಬಾಕಸ್ಸು. ಇದೆಲ್ಲದರ ನಡುವೆ ಒಂದು ವಾರ ಕಿತ್ತುಕೊಳ್ಳಬೇಕಾದರೆ ನಾನು ಫೆಬ್ರವರಿಯಿಂದಲೇ ಜಗಳ ಶುರು ಮಾಡಬೇಕು.

"ಅದಕ್ಕೇನು, ಎಲ್ಲರೂ ಒಟ್ಟಿಗೆ ಟಿಟಿ ಮಾಡಿಕೊಂಡು ಹೋಗೋಣ" ಅನ್ನುತ್ತಾರೆ ನಮ್ಮ ಭಾವ. ಈ ಟಿಟಿ ಪ್ರವಾಸ ಗೊತ್ತಲ್ವಾ ನಿಮಗೆ? ಟೆಂಪೋ ಟ್ರಾವೆಲರ್ ಬುಕ್ ಮಾಡಿ, ರಾತ್ರಿ ಹತ್ತಕ್ಕೆ ಹೊರಟು, ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ, ಕೊಲ್ಲೂರು ಅಂತ ಓಡುವುದು. ದೊಡ್ಡವರಿಗೆ ಇದು ಸರಿಯೇ. ದರ್ಶನ ಆಗಬೇಕು, ಹರಕೆ ತೀರಬೇಕು, ಸೋಮವಾರ ಆಫೀಸಿಗೆ ಹೋಗಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಮಕ್ಕಳ ಪ್ರವಾಸ ಅಂತ ಕರೆಯಬೇಡಿ. ಆ ಪ್ರವಾಸದಲ್ಲಿ ಮಕ್ಕಳಿಗೆ ಎಬ್ಬಿಸುವುದು, ಸ್ನಾನ ಮಾಡಿಸುವುದು, ಕ್ಯೂನಲ್ಲಿ ನಿಲ್ಲಿಸುವುದು, ಮತ್ತೆ ಗಾಡಿ ಹತ್ತಿಸುವುದು. ಇದಿಷ್ಟೇ.

ಮತ್ತೆ ವಾಂತಿ. ಅಂಥದೊಂದು ಪ್ರವಾಸದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಶುರು ಮಾಡಿದ ನಮ್ಮ ಚಿಕ್ಕವಳು, ಅಕ್ಕನ ಮಗಳು, ಕೊಟ್ಟಿಗೆಹಾರ ಬರುವವರೆಗೂ ನಿಲ್ಲಿಸಲಿಲ್ಲ. ಎರಡು ವರ್ಷದಿಂದ ಹನ್ನೆರಡರವರೆಗಿನ ಮಕ್ಕಳಿಗೆ ಈ ಕಾಟ ಜಾಸ್ತಿ. ಒಳಕಿವಿ "ನಾವು ಅಲುಗಾಡುತ್ತಿದ್ದೇವೆ" ಅನ್ನುತ್ತದೆ, ಮೊಬೈಲಿನಲ್ಲಿ ನೆಟ್ಟ ಕಣ್ಣು "ಇಲ್ಲವಲ್ಲ" ಅನ್ನುತ್ತದೆ. ಹೊಟ್ಟೆಗೆ ಯಾರ ಮಾತು ಕೇಳಬೇಕೋ ತಿಳಿಯುವುದಿಲ್ಲ. ಮಗುವನ್ನು ಮುಂದೆ ಕೂರಿಸಿ, ಹೊರಗೆ ದೂರಕ್ಕೆ ನೋಡು ಅಂದರೆ ಅರ್ಧ ಕಡಿಮೆಯಾಗುತ್ತದೆ. ಆದರೆ ಮುಂದಿನ ಸೀಟಿನಲ್ಲಿ ಭಾವ ಕೂತಿದ್ದರು. ಮಗಳು ಗಲಾಟೆ ಮಾಡದೇ ಇರಲಿ ಅಂತ ಕೈಗೆ ಮೊಬೈಲ್ ಕೊಟ್ಟಿದ್ದೂ ಅವರೇ. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂದರು. ಅವಳು ಬೆಂಚಿನ ಮೇಲೆ ಮಲಗಿ ಚಪ್ಪರ ನೋಡುತ್ತಿದ್ದಳು.

ಆಮೇಲೆ ನಾನು ಮೂವರನ್ನು ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಹನ್ನೆರಡರ ದೊಡ್ಡವಳು ಅಣ್ಣನ ಮಗಳು; ಒಂಬತ್ತರ ನಡುವಿನವನು, ಆರು ತುಂಬಿದ ಚಿಕ್ಕವಳು ಅಕ್ಕನ ಮಕ್ಕಳು. ಯಶವಂತಪುರದಿಂದ ಕಾರವಾರದ ಕಡೆಗೆ ಹಗಲು ಹೋಗುವ ರೈಲು. ಈಗ ಐದು ದಾಟಿದ ಮಗುವಿಗೂ ಸ್ವಂತ ಸೀಟು ಬೇಕು ಅಂದರೆ ಪೂರ್ತಿ ಟಿಕೆಟ್. 2016ರಿಂದ ಹೀಗೇ. ದುಡ್ಡು ಜಾಸ್ತಿಯಾಯಿತು ನಿಜ, ಕಿಟಕಿ ಎಷ್ಟು ಸಿಕ್ಕಿದವೋ ಅಷ್ಟು ಲಾಭ.

ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ. 57 ಸುರಂಗ. ಇದನ್ನು ನಾನು ಮಕ್ಕಳಿಗೆ ಮೊದಲೇ ಹೇಳಲಿಲ್ಲ. "ಎಷ್ಟು ಸುರಂಗ ಬರುತ್ತೆ ಎಣಿಸಿ ನೋಡೋಣ" ಅಂದೆ ಅಷ್ಟೇ. ನಡುವಿನವನು ಪುಸ್ತಕ ತೆಗೆದು ಗೀಟು ಹಾಕಲು ಕೂತ. ಪ್ರತಿ ಸುರಂಗಕ್ಕೂ ಬೋಗಿಯ ಅಷ್ಟೂ ಮಕ್ಕಳು ಕಿರುಚಬೇಕು, ಅದು ಆ ದಾರಿಯ ನಿಯಮ. ಕತ್ತಲಲ್ಲಿ ಗೀಟು ಕಾಣುವುದಿಲ್ಲ, ಬೆಳಕು ಬಂದಾಗ ಹಾಕಿದ್ದೆನೋ ಇಲ್ಲವೋ ಅಂತ ಅನುಮಾನ. ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ ಹೊತ್ತಿಗೆ ಅವನ ಲೆಕ್ಕಕ್ಕೂ ದೊಡ್ಡವಳ ಲೆಕ್ಕಕ್ಕೂ ಆರರ ವ್ಯತ್ಯಾಸ. ಕೂಗಾಟ ಶುರುವಾಯಿತು. ಎದುರು ಸೀಟಿನ ಪುತ್ತೂರಿನ ಅಜ್ಜ ಒಬ್ಬರು ಪಂಚಾಯಿತಿಗೆ ಕೂತರು. ಚಿಕ್ಕವಳು "ನೂರು" ಅಂತ ತೀರ್ಪು ಕೊಟ್ಟು ಚಟ್ಟಂಬಡೆ ತಿನ್ನುತ್ತಿದ್ದಳು.

ಅಕ್ಕ ಅಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. "ಇಬ್ಬರೂ ಬಾಯಿ ಮುಚ್ಚಿ, ಜನ ನೋಡ್ತಿದ್ದಾರೆ" ಅಂತ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದಳು. ಅಪ್ಪ-ಅಮ್ಮನಿಗೆ ಮಕ್ಕಳ ಜಗಳ ಅಂದರೆ ತಮ್ಮ ಮರ್ಯಾದೆಯ ಪ್ರಶ್ನೆ. ಮಾಮನಿಗೆ ಆ ಚಿಂತೆ ಇಲ್ಲ. ನನಗೆ ಅದು ಟಿಕೆಟ್ ಇಲ್ಲದ ಮನರಂಜನೆ. ರಕ್ತ ಬರದಿದ್ದರೆ ನಾನು ಬಾಯಿ ಹಾಕುವುದಿಲ್ಲ. ಘಾಟಿ ಇಳಿಯುವ ಹೊತ್ತಿಗೆ ಅವರೇ ರಾಜಿಯಾಗಿ, ಎರಡೂ ಲೆಕ್ಕ ಕೂಡಿಸಿ ಭಾಗಿಸಿದ್ದರು.

ನಾವು ಉಳಿದದ್ದು ಊರ ಹೊರಗೆ ತೋಟದ ಪಕ್ಕದ ಒಂದು ಹೋಮ್‌ಸ್ಟೇ. ಹಂಚಿನ ಮನೆ. ಮೊದಲ ರಾತ್ರಿ ಚಿಕ್ಕವಳು ಅಮ್ಮ ಬೇಕು ಅಂತ ಅಳತೊಡಗಿದಳು. ನಾನು ಏಳಬೇಕು ಅನ್ನುವಷ್ಟರಲ್ಲಿ ಅವಳ ಅಣ್ಣ ಟಾರ್ಚ್ ಹಚ್ಚಿ ಮಾಡಿನ ಕಡೆ ಹಿಡಿದ. "ಹಲ್ಲಿ ಎಣಿಸೋಣ ಬಾರೇ. ಬಾಲ ಇಲ್ಲದ್ದಕ್ಕೆ ಅರ್ಧ ಮಾರ್ಕು." ಮನೆಯಲ್ಲಿ ಚಾರ್ಜರ್ ವೈರಿಗೋಸ್ಕರ ತಂಗಿಯ ಕೂದಲು ಹಿಡಿದು ಎಳೆಯುವ ಹುಡುಗ ಇವನು. ಎಷ್ಟು ಹಲ್ಲಿ ಆಯಿತೋ, ಸ್ವಲ್ಪ ಹೊತ್ತಿಗೆ ಟಾರ್ಚ್ ಉರಿಯುತ್ತಿದ್ದ ಹಾಗೇ ಇಬ್ಬರೂ ನಿದ್ದೆ ಹೋಗಿದ್ದರು. ಎರಡು ಮಾರು ದೂರದಲ್ಲಿ ಅಮ್ಮ ಇದ್ದಿದ್ದರೆ ಅವನು ಮಗ್ಗುಲು ಬದಲಿಸಿ ಮಲಗುತ್ತಿದ್ದ, ಅಲ್ವಾ?

ಹಗಲು ಹೊತ್ತಿನಲ್ಲಿ ನಾವು ಮಾಡಿದ್ದು ತೀರಾ ಕಡಿಮೆ. ಒಂದು ದಿನ ಬಸ್ಸಿನಲ್ಲಿ ಮುರ್ಡೇಶ್ವರ. ಅಲ್ಲಿ 123 ಅಡಿ ಎತ್ತರದ ಶಿವನಿಗಿಂತ ಗೋಪುರದ ಲಿಫ್ಟೇ ಮಕ್ಕಳಿಗೆ ದೊಡ್ಡ ಸಂಗತಿ. ಬಸ್ಸಿನಲ್ಲಿ ಒಂದು ತಮಾಷೆ ಆಯಿತು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಬ್ಬರಿಗೂ ಶೂನ್ಯ ದರದ ಟಿಕೆಟ್, ಇವನಿಗೆ ಮಾತ್ರ ಹಾಫ್. "ನಾನೇನು ಮಾಡಿದ್ದೆ?" ಅಂತ ಕಂಡಕ್ಟರನ್ನೇ ಕೇಳಿದ. "ಗಂಡಸಾಗಿ ಹುಟ್ಟಿದ್ದಕ್ಕೆ ಟ್ಯಾಕ್ಸ್ ತಮಾ, ನಾನೂ ಕಟ್ತೇನೆ" ಅಂದರು ಅವರು. ಇಡೀ ಬಸ್ಸು ನಕ್ಕಿತು. ಅವನು ನಗಲಿಲ್ಲ. ಚಿಕ್ಕವಳು ತನ್ನ ಟಿಕೆಟ್ಟನ್ನು ಅವನ ಮೂಗಿನ ಮುಂದೆ ಹಿಡಿದೇ ಕೂತಿದ್ದಳು.

ಸಮುದ್ರದ ವಿಷಯದಲ್ಲಿ ಮಾತ್ರ ನಾನು ಅಪ್ಪ-ಅಮ್ಮನಿಗಿಂತ ಕಟ್ಟುನಿಟ್ಟು. 2024ರ ಡಿಸೆಂಬರಿನಲ್ಲಿ ಇದೇ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದರು. ಅಲೆಗೆ ಮಾಮ, ಚಿಕ್ಕಪ್ಪ ಯಾರೂ ಲೆಕ್ಕಕ್ಕಿಲ್ಲ. ಹಾಗಾಗಿ ನೀರಿಗೆ ಇಳಿದದ್ದು ಕಾಸರಕೋಡಿನಲ್ಲಿ ಮಾತ್ರ. ಶರಾವತಿ ಸೇತುವೆ ದಾಟಿದರೆ ಸಿಗುತ್ತದೆ. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರ ಅನ್ನುವ ಮಾನ್ಯತೆ ಪಡೆದ ಜಾಗ. ನಿಯಮ ಎರಡೇ: ಲೈಫ್‌ಗಾರ್ಡ್ ಕಣ್ಣಳತೆಯಲ್ಲೇ ಇರಬೇಕು, ನೀರು ಮೊಣಕಾಲು ದಾಟಬಾರದು. ಮೊಣಕಾಲು ಅಂದರೆ ಚಿಕ್ಕವಳ ಮೊಣಕಾಲು.

ಅಲ್ಲಿಗೆ ಹೋದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿನ ಶೌಚಾಲಯ. ನಗಬೇಡಿ. ಆರು ವರ್ಷದ ಹೆಣ್ಣುಮಗುವನ್ನು ಒಬ್ಬ ಗಂಡಸು ಕರೆದುಕೊಂಡು ಹೊರಟರೆ ಈ ನಾಡಿನಲ್ಲಿ ಅವಳನ್ನು ಎಲ್ಲಿ ಕಳಿಸಬೇಕು? ಲೇಡೀಸ್‌ಗೆ ನಾನು ಹೋಗುವ ಹಾಗಿಲ್ಲ, ಒಬ್ಬಳನ್ನೇ ಕಳಿಸಲು ಧೈರ್ಯ ಇಲ್ಲ. ಜೆಂಟ್ಸ್‌ಗೆ ಕರೆದುಕೊಂಡು ಹೋಗುವ ಸ್ಥಿತಿಯಲ್ಲಿ ನಮ್ಮ ಜೆಂಟ್ಸ್ ಇಲ್ಲ. ದಾರಿಯ ಒಂದು ಬಸ್ ಸ್ಟ್ಯಾಂಡಿನಲ್ಲಿ ಬಾಗಿಲಿಗೆ ಚಿಲಕವೇ ಇರಲಿಲ್ಲ. ದುಡ್ಡು ತೆಗೆದುಕೊಳ್ಳುವವನು ಮಾತ್ರ ಮೇಜು ಹಾಕಿಕೊಂಡು ಕೂತಿದ್ದ. ದೊಡ್ಡವಳು ಜೊತೆಗೆ ಹೋಗಿ ಬಾಗಿಲು ಹಿಡಿದು ನಿಂತಿದ್ದಕ್ಕೆ ಬಚಾವಾದೆ. ಸೆಲ್ಫಿ ಪಾಯಿಂಟು, "ಐ ಲವ್" ಬೋರ್ಡು ಎಲ್ಲಾ ಊರಿಗೂ ಬಂತು. ಮಗುವನ್ನು ಅಪ್ಪನೋ ಮಾಮನೋ ಕರೆದುಕೊಂಡು ಹೋಗಬಹುದಾದ, ಬಾಗಿಲು ಭದ್ರ ಇರುವ ಒಂದು ಪ್ರತ್ಯೇಕ ಕೋಣೆ ಯಾಕೆ ಬರುವುದಿಲ್ಲ? ಈ ದೇಶದಲ್ಲಿ ಮಕ್ಕಳ ಜೊತೆ ಅಮ್ಮನೇ ಹೋಗುತ್ತಾಳೆ ಅಂತ ತೀರ್ಮಾನಿಸಿ ಕಟ್ಟಿದ ಹಾಗಿದೆ ಎಲ್ಲವೂ.

ಉಳಿದ ಹೊತ್ತೆಲ್ಲ ಸುಮ್ನೆ. ಕರಾವಳಿಯ ಸೆಕೆಗೆ ಮಧ್ಯಾಹ್ನ ಎಲ್ಲಿಗೂ ಹೋಗಲಾಗುವುದಿಲ್ಲ. ಮೊಬೈಲ್ ನನ್ನ ಚೀಲದಲ್ಲಿ. ಮೊದಲ ದಿನ "ಬೋರ್ ಚಿಕ್ಕಪ್ಪಾ", "ಬೋರ್ ಮಾಮಾ" ಅಂತ ಎರಡೂ ಕಡೆಯಿಂದ ಕೇಳಿಸಿಕೊಂಡೆ. ಆಗಲಿ ಅಂತ ಮಲಗಿದೆ. ಎದ್ದು ನೋಡಿದರೆ ಮನೆಯವರ ಮೊಮ್ಮಗ ಇವರಿಗೆ ಗೇರುಬೀಜದ ಆಟ ಕಲಿಸುತ್ತಿದ್ದ. ಅಂಗಳದಲ್ಲಿ ಬೀಜಗಳನ್ನು ಸಾಲಾಗಿ ನಿಲ್ಲಿಸಿ, ದೂರದಿಂದ ಒಂದು ದಪ್ಪ ಬೀಜ ಎಸೆದು ಹೊಡೆಯುವುದು. ಉರುಳಿಸಿದ್ದು ಹೊಡೆದವನಿಗೆ. ನಡುವಿನವನು ಗೆದ್ದ ಬೀಜವನ್ನು ಹಲ್ಲಿನಲ್ಲಿ ಒಡೆಯಲು ಹೋದಾಗ ಒಳಗಿನಿಂದ ಅಮ್ಮ ಒಬ್ಬರು ಕೂಗಿದರು, "ಮಾಣೀ, ಬಾಯಿಗೆ ಹಾಕಡ, ಸೊನೆ ಸುಡ್ತು!" ಸಂಜೆ ಅವರೇ ಸುಟ್ಟು ಕೊಟ್ಟರು. ಆಮೇಲೆ ಬೋರ್ ಅನ್ನುವ ಮಾತು ಕೇಳಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅಂಗಳಕ್ಕೆ ಓಡುತ್ತಿದ್ದರು. ಕೊನೆಯ ದಿನಗಳಲ್ಲಿ ದೊಡ್ಡವಳೂ ನನ್ನನ್ನು ಮಾಮ ಅನ್ನತೊಡಗಿದ್ದಳು.

ಹಾಗಂತ ಇದು ಹೊಣೆ ಇಲ್ಲದ ಓಡಾಟ ಅಲ್ಲ. ಹೊರಡುವ ಮೊದಲು ಮೂವರ ತೂಕ ಬರೆದುಕೊಂಡಿದ್ದೆ, ಜ್ವರದ ಸಿರಪ್ಪಿನ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ. ಅವರ ಡಾಕ್ಟರು ಬರೆದುಕೊಟ್ಟ ಚೀಟಿಯ ಫೋಟೊ, ಥರ್ಮಾಮೀಟರ್, ಓಆರ್‌ಎಸ್, ಆಧಾರ್ ಪ್ರತಿ ಎಲ್ಲ ಒಂದೇ ಡಬ್ಬಿಯಲ್ಲಿ. ಮನೆಗೆ ರಾತ್ರಿ ಒಂದು ಫೋನು, ಒಂದು ಫೋಟೊ. ಅದಕ್ಕಿಂತ ಜಾಸ್ತಿ ಕೇಳಿದರೆ ನೆಟ್‌ವರ್ಕ್ ಇರುವುದಿಲ್ಲ.

ವಾಪಸ್ ಬಂದ ಮೇಲೆ ಅತ್ತಿಗೆ ಕೇಳಿದರು, "ಅಷ್ಟು ದೂರ ಕರೆದುಕೊಂಡು ಹೋಗಿ ಗೇರುಬೀಜ ಆಡಿಸಿಕೊಂಡು ಬಂದ್ಯಾ?" ಹೌದು ಅತ್ತಿಗೆ, ಅದಕ್ಕೇ ಹೋಗಿದ್ದು. ಜೋಗ ಅಲ್ಲೇ ಹತ್ತಿರ ಇತ್ತು, ನೋಡಲಿಲ್ಲ. ಗೋಕರ್ಣ ಇತ್ತು, ನೋಡಲಿಲ್ಲ. ಅವೆಲ್ಲ ಎಲ್ಲಿಗೂ ಹೋಗುವುದಿಲ್ಲ. ದೊಡ್ಡವಳು ಹೈಸ್ಕೂಲಿಗೆ ಹೋಗುತ್ತಾಳೆ, ಆಮೇಲೆ ಟ್ಯೂಷನ್ನು, ಕೋಚಿಂಗು. ಮೂವರೂ ಒಂದೇ ಚಾಪೆಯಲ್ಲಿ ಮಲಗುವ ವರ್ಷಗಳು ಇನ್ನು ಎಷ್ಟು ಉಳಿದಿವೆ ಹೇಳಿ?

ಖರ್ಚಿನ ಮಾತು ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಟಿಕೆಟ್ಟು, ಹೋಮ್‌ಸ್ಟೇ ದುಡ್ಡನ್ನು ಅಕ್ಕ, ಅಣ್ಣ ತಮ್ಮ ತಮ್ಮ ಮಕ್ಕಳ ಲೆಕ್ಕಕ್ಕೆ ಮೊದಲೇ ಹಾಕುತ್ತಾರೆ. ಐಸ್‌ಕ್ರೀಮು, ಕೋಕಂ ಶರಬತ್ತು ನನ್ನದು. ಹೀಗೆ ಮೊದಲೇ ಮಾತಾಡಿಕೊಳ್ಳದ ಮನೆಗಳಲ್ಲಿ ಇಂಥ ಪ್ರವಾಸ ಒಂದೇ ಸಲಕ್ಕೆ ಮುಗಿದದ್ದನ್ನು ನೋಡಿದ್ದೇನೆ. ಮಾಮನ ಪ್ರೀತಿ ದೊಡ್ಡದೇ, ಸಂಬಳ ಅಷ್ಟು ದೊಡ್ಡದಲ್ಲ.

ಈ ಸಲ ಭಾವ ತಾವೂ ಬರುತ್ತೇನೆ ಅಂತಿದ್ದಾರೆ. ಗೇರುಬೀಜದ ಆಟ ಅವರಿಗೂ ಬರುತ್ತಂತೆ, ಚಿಕ್ಕಂದಿನಲ್ಲಿ ಊರಿಗೇ ಫಸ್ಟ್ ಅಂತೆ. ಬನ್ನಿ ಅಂದಿದ್ದೇನೆ. ರೈಲಿನಲ್ಲಿ ಬರಬೇಕು, ಕಿಟಕಿ ಕೇಳಬಾರದು, ಟಿಟಿ ಅನ್ನುವ ಎರಡಕ್ಷರ ಬಾಯಲ್ಲಿ ಬರಬಾರದು. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾರೆ.